ಬಯಲುನಾಡಿನವರ ಪರ್ವತ: ಭೀಮೆ–ಕೃಷ್ಣೆಯರ ನಡುವಣ ನಿರ್ಗಮನ ಕಥನಗಳ ಒಂದು ಮರುಓದು

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳನ್ನು ಒಳಗೊಂಡ ಭೂಭಾಗದಲ್ಲಿ ಪರ್ವತವೆಂದು ಕರೆಯಬಹುದಾದ ಯಾವ ಎತ್ತರವೂ ಇಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಎರೆಮಣ್ಣಿನ ಹೊಲಗಳು, ಅಲ್ಲಲ್ಲಿ ಮರಡಿಗಳು. ಇಂಗಳೇಶ್ವರದ ಗುಡ್ಡ ಮತ್ತು ಗವಿಯನ್ನು ಬಿಟ್ಟರೆ ಏರಿ ಹೋಗುವ ಅನುಭವವನ್ನು ಕೊಡುವ ಸ್ಥಳಗಳು ಇಲ್ಲಿ ವಿರಳ. ಆದರೂ ಈ ಸೀಮೆಯ ಆಡುಮಾತಿನಲ್ಲಿ ‘ಪರ್ವತ’ ಎಂಬುದು ಅಪರಿಚಿತ ಶಬ್ದವಲ್ಲ. ‘ಪರ್ವತಕ್ಕೆ ಹೋಗಿದ್ದಾರೆ’ ಎಂದರೆ ಯಾವ ಪರ್ವತಕ್ಕೆ ಎಂದು ಯಾರೂ ಕೇಳುವುದಿಲ್ಲ. ಅದು ಶ್ರೀಶೈಲ. ಪರ್ವತಪ್ಪ, ಪರ್ವತವ್ವ, ಮಲ್ಲಪ್ಪ, ಶ್ರೀಶೈಲ ಎಂಬ ವ್ಯಕ್ತಿನಾಮಗಳು ಊರೂರಿಗೆ ಸಿಗುತ್ತವೆ. ಕಣ್ಣಿಗೆ ಕಾಣದ ಒಂದು ಬೆಟ್ಟವನ್ನು ಒಂದು ಬಯಲುನಾಡು ತನ್ನ ಮಕ್ಕಳ ಹೆಸರಿನಲ್ಲಿ ಇಟ್ಟುಕೊಂಡಿದೆ.

ಇದರಲ್ಲಿ ಭೂಗೋಳದ ಒಂದು ಪಾತ್ರವೂ ಇದೆ. ಈ ನಾಲ್ಕು ತಾಲೂಕುಗಳ ನೀರೆಲ್ಲ ಕೊನೆಗೆ ಹರಿದು ಸೇರುವುದು ಶ್ರೀಶೈಲದ ಬುಡಕ್ಕೇ. ಡೋಣಿ ಕೃಷ್ಣೆಯನ್ನು ಸೇರುತ್ತದೆ, ಭೀಮೆ ಇನ್ನೂ ಪೂರ್ವಕ್ಕೆ ಹೋಗಿ ಕೃಷ್ಣೆಯನ್ನೇ ಕೂಡುತ್ತದೆ. ಆ ಕೃಷ್ಣೆ ನಲ್ಲಮಲ ಬೆಟ್ಟಗಳ ನಡುವೆ ಪಾತಾಳಗಂಗೆಯಾಗುತ್ತದೆ. ನೀರು ಇಳಿದು ಹೋಗುವ ದಿಕ್ಕಿನಲ್ಲಿಯೇ ಮನುಷ್ಯರು ಏರಲು ಹೊರಟಿದ್ದಾರೆ. ಈ ಹೊರಡುವಿಕೆಯನ್ನು ಕಥೆಯಾಗಿಸಿದ ಕನ್ನಡ ಪಠ್ಯಗಳು ಅನೇಕ. ಅವುಗಳನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಬಹುಮಟ್ಟಿಗೆ ‘ವೈರಾಗ್ಯ’ ಎಂಬ ಒಂದೇ ತಲೆಬರಹದಡಿ ಇಟ್ಟುಬಿಟ್ಟಿವೆ. ನೆಲೆನಿಂತ ಬದುಕನ್ನು ಬಿಟ್ಟು ಬೆಟ್ಟಕ್ಕೆ ಹೋದರು, ಅಲ್ಲಿ ಸಿದ್ಧಿಯಾಯಿತು ಎಂಬ ಸಾರಾಂಶದಲ್ಲಿ ಎಲ್ಲರೂ ಒಂದಾಗುತ್ತಾರೆ. ಪಠ್ಯಗಳನ್ನು ಹತ್ತಿರದಿಂದ ನೋಡಿದರೆ ಈ ಸಾರಾಂಶ ನಿಲ್ಲುವುದಿಲ್ಲ ಎಂಬುದು ಪ್ರಸ್ತುತ ಪ್ರಬಂಧದ ವಾದ. ಈ ಕಥನಗಳಲ್ಲಿ ಹೆಚ್ಚಿನವು ಬೆಟ್ಟ ಹೋದವರನ್ನು ಹಿಂದಕ್ಕೆ ಕಳಿಸಿದ ಕಥೆಗಳು. ಯಾರನ್ನು ಕಳಿಸಿತು, ಯಾರನ್ನು ಇಟ್ಟುಕೊಂಡಿತು ಎಂಬಲ್ಲಿಯೇ ಅವುಗಳ ನಿಜವಾದ ವ್ಯತ್ಯಾಸವಿದೆ.

ಮೊದಲಿಗೆ ಸಿದ್ಧರಾಮ. ಅವನ ಸೊನ್ನಲಿಗೆ, ಇಂದಿನ ಸೊಲ್ಲಾಪುರ, ಇಂಡಿಯಿಂದ ಭೀಮೆಯನ್ನು ದಾಟಿದರೆ ಸಿಗುವ ಊರು. ರಾಜ್ಯದ ಗಡಿ ಇಂದು ನಡುವೆ ಬಂದಿದ್ದರೂ ಭಾಷೆ, ಬಂಧುತ್ವ, ಜಾತ್ರೆಗಳ ದೃಷ್ಟಿಯಿಂದ ಅದು ಈ ಸೀಮೆಯದೇ ಮುಂದುವರಿಕೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ಬಾಲಕ ಊರಗೌಡನಾದ ಮುದ್ದಗೌಡನ ಮಗ, ಅಂದರೆ ಬಿಟ್ಟು ಹೋಗಲು ಅವನಿಗೆ ಹೊಲ, ಮನೆ, ಹೆಸರು ಎಲ್ಲವೂ ಇದ್ದವು. ಹೊಲದಲ್ಲಿದ್ದ ಹುಡುಗನ ಬಳಿಗೆ ಜಂಗಮರೂಪದ ಮಲ್ಲಯ್ಯ ಬಂದು ಉಣ್ಣಲು ಬೇಡುತ್ತಾನೆ. ಹುಡುಗ ಮನೆಗೆ ಓಡಿ ಊಟ ತರುವಷ್ಟರಲ್ಲಿ ಬಂದವನು ಕಾಣೆಯಾಗಿದ್ದಾನೆ. ಈ ಕಥೆಯಲ್ಲಿ ನಿರ್ಗಮನಕ್ಕೆ ಕಾರಣ ಲೋಕದ ಬಗೆಗಿನ ಬೇಸರವಲ್ಲ ಎಂಬುದನ್ನು ಗಮನಿಸಬೇಕು. ಹಸಿದವನಿಗೆ ತಂದ ಅನ್ನ ಕೈಯಲ್ಲಿ ಉಳಿದಿದೆ, ಉಣ್ಣಬೇಕಾದವನು ಇಲ್ಲ. ಹುಡುಗ ಹೊರಟದ್ದು ಆ ಅನ್ನದ ಋಣಕ್ಕಾಗಿ. ಇದನ್ನು ವೈರಾಗ್ಯವೆನ್ನುವುದು ರಾಘವಾಂಕನ ಓದಲ್ಲ, ನಮ್ಮ ಅಭ್ಯಾಸ.

ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಜೊತೆ ಸೇರಿ ಅವನು ಬೆಟ್ಟ ಮುಟ್ಟುತ್ತಾನೆ. ಗುಡಿಯೊಳಗಿನ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದರೆ ಹುಡುಗ ಒಪ್ಪುವುದಿಲ್ಲ. ಹೊಲಕ್ಕೆ ಬಂದಿದ್ದವನು ಇವನಲ್ಲ. ಕ್ಷೇತ್ರಕ್ಕೆ ಹೋದವನು ಕ್ಷೇತ್ರದ ದೇವರನ್ನೇ ನಿರಾಕರಿಸುವ ಈ ಸನ್ನಿವೇಶದ ಧೈರ್ಯವನ್ನು ನಮ್ಮ ವಿಮರ್ಶೆ ‘ಮುಗ್ಧಭಕ್ತಿ’ ಎಂಬ ಮಾತಿನಲ್ಲಿ ಮುಗಿಸಿಬಿಡುತ್ತದೆ. ಮುಗ್ಧತೆ ಇರಬಹುದು, ಆದರೆ ಕಥನದ ತರ್ಕದಲ್ಲಿ ಅದು ಬೆಟ್ಟದ ವ್ಯವಸ್ಥೆಯ ಸೋಲು. ಮುಂದೆ ಕಾಡಿನಲ್ಲಿ ಅಲೆದು, ಕಾಣದೆ, ಕೊಳ್ಳದ ಅಂಚಿನಿಂದ ಹಾರಲು ನಿಂತಾಗ ಮಲ್ಲಯ್ಯ ಕೈ ಹಿಡಿಯುತ್ತಾನೆ. ಕೈ ಹಿಡಿದವನು ಇಲ್ಲಿಯೇ ಇರೆನ್ನುವುದಿಲ್ಲ. ಸೊನ್ನಲಿಗೆಗೆ ಮರಳಿ ಹೋಗು, ಅದನ್ನೇ ಶ್ರೀಶೈಲವಾಗಿಸು ಎನ್ನುತ್ತಾನೆ. ಮುಂದಿನ ಕಥೆ ಅಗೆಯುವ, ಕಟ್ಟುವ, ಉಣಿಸುವ ಕಥೆ: ಗುಡಿ, ಕೆರೆ, ಊರಿನ ಸುತ್ತ ಸ್ಥಾಪಿಸಿದ 68 ಲಿಂಗಗಳು. ಸೊಲ್ಲಾಪುರಕ್ಕೆ ‘ಅಭಿನವ ಶ್ರೀಶೈಲ’ವೆಂಬ ಹೆಸರು ಬಂದುದು ಹೀಗೆ. ಬೆಟ್ಟಕ್ಕೆ ಹೋದ ಒಬ್ಬ ಬಾಲಕ ಬೆಟ್ಟವನ್ನೇ ಬಯಲಿಗೆ ತಂದ. ನೀರಿಲ್ಲದ ನಾಡಿನಲ್ಲಿ ಆ ಬೆಟ್ಟದ ಮೊದಲ ರೂಪ ಕೆರೆಯಾಗಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಈ ಮರಳುವಿಕೆಯನ್ನು ಪ್ರಶ್ನಿಸಿದ ಪಠ್ಯವೂ ಇದೆ. ಶೂನ್ಯಸಂಪಾದನೆಗಳಲ್ಲಿ ಅಲ್ಲಮ ಸೊನ್ನಲಿಗೆಗೆ ಬರುತ್ತಾನೆ, ಕೆರೆಯ ಕೆಲಸದಲ್ಲಿ ತೊಡಗಿದ ಒಡ್ಡರನ್ನು ಕೆಣಕುತ್ತಾನೆ, ಸಿದ್ಧರಾಮನ ಕೋಪವನ್ನು ಎದುರಿಸುತ್ತಾನೆ, ಕೊನೆಗೆ ಅವನನ್ನು ಕಲ್ಯಾಣಕ್ಕೆ ಕರೆದೊಯ್ಯುತ್ತಾನೆ. ರಾಘವಾಂಕನಲ್ಲಿ ದೇವರ ಆಜ್ಞೆಯಾಗಿದ್ದ ಕೆಲಸ ಇಲ್ಲಿ ಹೊಸದೊಂದು ಸಂಸಾರವಾಗಿ ಕಾಣುತ್ತದೆ. ಒಂದು ಮನೆಯನ್ನು ಬಿಟ್ಟವನು ಅದಕ್ಕಿಂತ ದೊಡ್ಡ ಮನೆಯನ್ನು ಕಟ್ಟಿಕೊಂಡನೇ ಎಂಬುದು ಅಲ್ಲಮನ ಪ್ರಶ್ನೆ. 13ನೆಯ ಶತಮಾನದ ರಾಘವಾಂಕ ಮತ್ತು 15–16ನೆಯ ಶತಮಾನಗಳ ಸಂಪಾದನಾಕಾರರ ನಡುವಣ ಈ ವಾಗ್ವಾದವನ್ನು ಕರ್ಮ–ಜ್ಞಾನಗಳ ತಾತ್ತ್ವಿಕ ಚರ್ಚೆಯಾಗಿ ಓದಿದವರು ಬಹಳ. ಅದನ್ನು ಹೋದವನು ಮರಳಿ ಬಂದು ಏನು ಮಾಡಬೇಕು ಎಂಬ ಪ್ರಶ್ನೆಯಾಗಿಯೂ ಓದಬೇಕು. ಸಂಪಾದನಾಕಾರರು ಅಲ್ಲಮನ ಮಾತಿಗೆ ಗೆಲುವು ಕೊಟ್ಟಿದ್ದಾರೆ. ಊರವರು ಕೊಟ್ಟಿಲ್ಲ: ಸಂಕ್ರಾಂತಿಯ ಜಾತ್ರೆ ಇಂದಿಗೂ ನಡೆಯುವುದು ಕೆರೆಯ ನಡುವೆ ನಿಂತ ಸಿದ್ಧರಾಮನ ಗುಡಿಯಲ್ಲಿ. ಅಲ್ಲಮನಾದರೋ ಕಲ್ಯಾಣದ ನಂತರ ಶ್ರೀಶೈಲದ ಕದಳಿಯ ಕಡೆಗೆ ನಡೆದು ಮರಳಲಿಲ್ಲ.

ಬಾಗೇವಾಡಿಯ ಬಸವಣ್ಣನ ನಿರ್ಗಮನವನ್ನು ಈ ಬೆಳಕಿನಲ್ಲಿ ನೋಡಿದರೆ ಹರಿಹರನ ಕಥನದ ಒಂದು ಎಳೆ ಸ್ಪಷ್ಟವಾಗುತ್ತದೆ. ‘ಬಸವರಾಜದೇವರ ರಗಳೆ’ಯಲ್ಲಿ ಬಸವಣ್ಣ ಜನಿವಾರವನ್ನು ಕಿತ್ತೊಗೆದು, ಅಗ್ರಹಾರದ ಭದ್ರವಾದ ಬದುಕನ್ನು ತೊರೆದು, ಕೃಷ್ಣೆ–ಮಲಪ್ರಭೆಗಳ ಸಂಗಮಕ್ಕೆ ಹೋಗುತ್ತಾನೆ. ಇಲ್ಲಿ ಬೆಟ್ಟವಿಲ್ಲ, ನದಿಯಿದೆ. ಆದರೆ ಕಥನದಲ್ಲಿ ಸಂಗಮದ ಪಾತ್ರ ಬೆಟ್ಟದ್ದೇ. ಅಲ್ಲಿ ಅವನು ಸುಖವಾಗಿದ್ದಾನೆ, ಹೂ ಎತ್ತುತ್ತಾನೆ, ಪೂಜೆ ಮಾಡುತ್ತಾನೆ. ಹೀಗಿರುವಾಗ ಕನಸಿನಲ್ಲಿ ಬಂದ ಸಂಗಮನಾಥ ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಆಜ್ಞಾಪಿಸುತ್ತಾನೆ. ಬಸವಣ್ಣನ ದುಃಖವನ್ನು ಹರಿಹರ ದೀರ್ಘವಾಗಿ ವರ್ಣಿಸುತ್ತಾನೆ. ಮನೆ ಬಿಡುವಾಗ ಅಳದವನು ಸಂಗಮವನ್ನು ಬಿಡುವಾಗ ಅಳುತ್ತಾನೆ. ತೆಲುಗಿನ ಪಾಲ್ಕುರಿಕೆ ಸೋಮನಾಥ ಮತ್ತು ಅವನನ್ನು ಅನುಸರಿಸಿ 1369ರಲ್ಲಿ ಕನ್ನಡ ‘ಬಸವಪುರಾಣ’ವನ್ನು ಬರೆದ ಭೀಮಕವಿ ಉಪನಯನದ ವಾಗ್ವಾದಕ್ಕೆ ಒತ್ತು ಕೊಟ್ಟುದರಿಂದ, ಬಸವಣ್ಣ ಏನನ್ನು ಬಿಟ್ಟ ಎಂಬುದೇ ಮುಂದಿನ ಪರಂಪರೆಯ ಮುಖ್ಯ ಪ್ರಶ್ನೆಯಾಯಿತು. ಹರಿಹರನಲ್ಲಿ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ, ಅವನನ್ನು ಯಾರು ಹೊರಗೆ ಕಳಿಸಿದರು ಎಂಬುದು, ಹಿಂದೆ ಸರಿಯಿತು. ಬಾಗೇವಾಡಿಯ ಅಗ್ರಹಾರವನ್ನು ಅವನೇ ಬಿಟ್ಟ. ಸಂಗಮವನ್ನು ಅವನಿಂದ ಬಿಡಿಸಲಾಯಿತು. ಎರಡನೆಯ ನಿರ್ಗಮನವಿಲ್ಲದೆ ಕಲ್ಯಾಣವಿಲ್ಲ.

ಸಿದ್ಧರಾಮ, ಬಸವಣ್ಣ ಇಬ್ಬರನ್ನೂ ಏಕಾಂತದ ಸ್ಥಳ ಜನರ ನಡುವೆ ತಳ್ಳಿತು. ಅಕ್ಕಮಹಾದೇವಿಯನ್ನು ತಳ್ಳಲಿಲ್ಲ. ಅವಳು ಉಡುತಡಿಯವಳು, ಈ ಸೀಮೆಯವಳಲ್ಲ. ಆದರೆ ಪರ್ವತವೆಂದೊಡನೆ ಈ ಸೀಮೆಯವರಿಗೆ ಮೊದಲು ನೆನಪಾಗುವ ಹೆಸರು ಅವಳದು. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಕಲ್ಯಾಣದ ಪ್ರಸ್ತಾಪವೇ ಇಲ್ಲ, ಕೌಶಿಕನನ್ನು ತೊರೆದವಳು ನೇರವಾಗಿ ಶ್ರೀಶೈಲಕ್ಕೆ ನಡೆಯುತ್ತಾಳೆ. ಆಶ್ಚರ್ಯದ ಸಂಗತಿಯೆಂದರೆ ಅವಳು ಬಿಟ್ಟುಬಂದದ್ದೆಲ್ಲ ಅವಳ ಬೆನ್ನಹಿಂದೆಯೇ ಬೆಟ್ಟವೇರುತ್ತದೆ. ಮೊದಲು ತಂದೆತಾಯಿಗಳು ಬಂದು ಅಳುತ್ತಾರೆ. ಆಮೇಲೆ ಕೌಶಿಕ ಶಿವಭಕ್ತನ ವೇಷದಲ್ಲಿ ಬರುತ್ತಾನೆ. ಮನೆಯನ್ನು ಬಿಟ್ಟ ಗಂಡಸನ್ನು ದೇವರು ಮನೆಗೆ ಕಳಿಸಿದರೆ, ಮನೆಯನ್ನು ಬಿಟ್ಟ ಹೆಣ್ಣನ್ನು ಮನೆಯೇ ಹುಡುಕಿಕೊಂಡು ಬರುತ್ತದೆ. ಹರಿಹರ ಇದನ್ನು ಮಾಯೆಯ ಕಾಟವೆಂಬಂತೆ ಬರೆದಿದ್ದಾನೆ. ಇಂದಿನ ಓದುಗರಿಗೆ ಅದು ಸಾಮಾಜಿಕ ಸತ್ಯದಂತೆ ಕಾಣುತ್ತದೆ. ಅವಳಿಗೆ ‘ನಿನ್ನ ಊರನ್ನೇ ಶ್ರೀಶೈಲವಾಗಿಸು’ ಎಂದು ಹೇಳುವ ಹಾಗಿರಲಿಲ್ಲ. ಸೊನ್ನಲಿಗೆಯಲ್ಲಿ ಗೌಡನ ಮಗನಿಗೆ ನೆಲ ಸಿಗುತ್ತದೆ, ಮಂಗಳವಾಡದಲ್ಲಿ ಬಸವಣ್ಣನಿಗೆ ಕರಣಿಕ ವೃತ್ತಿ ಸಿಗುತ್ತದೆ. ಉಡುತಡಿಯಲ್ಲಿ ಅವಳಿಗೆ ಸಿಗುವುದು ಅರಮನೆಯೊಂದೇ. ಶೂನ್ಯಸಂಪಾದನೆ ಅವಳನ್ನು ಕಲ್ಯಾಣಕ್ಕೆ ತಂದಿತು, ಅಲ್ಲಮನ ಕಠೋರ ಪ್ರಶ್ನೆಗಳಿಗೆ ಒಡ್ಡಿತು, ಶರಣರ ಸಭೆಯಲ್ಲಿ ಮನ್ನಣೆ ಕೊಟ್ಟಿತು. ಕೊನೆಗೆ ಮತ್ತೆ ಬೆಟ್ಟಕ್ಕೇ ಬೀಳ್ಕೊಟ್ಟಿತು. ಕಲ್ಯಾಣದಂಥ ಕಲ್ಯಾಣವೂ ಅವಳಿಗೆ ಉಳಿಯುವ ಊರಾಗಲಿಲ್ಲ ಎಂಬುದನ್ನು ಸಂಪಾದನೆಯ ಮೆಚ್ಚುಗೆಯ ಭಾಷೆ ಮರೆಸಬಾರದು.

ಇಷ್ಟಾಗಿಯೂ ಬೆಟ್ಟವನ್ನು ಕುರಿತು ಅತ್ಯಂತ ನಿರ್ಮಮವಾಗಿ ಮಾತಾಡಿದವಳು ಅಕ್ಕನೇ. ಬೆಟ್ಟದ ನೆತ್ತಿಯಲ್ಲಿ ವಾಸಕ್ಕಿಳಿದವರು ಕಾಡುಮೃಗಗಳಿಗೆ ಅಂಜುವುದನ್ನು ಪ್ರಶ್ನಿಸುವ ಅವಳ ಸುಪ್ರಸಿದ್ಧ ವಚನವನ್ನು ಬೆಟ್ಟದ ವಚನವೆಂದೇ ಎಲ್ಲರೂ ನೆನೆಯುತ್ತಾರೆ. ಆದರೆ ಅದರ ಚಲನೆಯನ್ನು ಗಮನಿಸಬೇಕು. ಬೆಟ್ಟದಿಂದ ಅದು ಕಡಲ ದಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಂತೆಯ ಗದ್ದಲಕ್ಕೆ ಬರುತ್ತದೆ, ಕೊನೆಗೆ ನಿಲ್ಲುವುದು ಲೋಕದ ಸ್ತುತಿ–ನಿಂದೆಗಳ ನಡುವೆ ಬಾಳುವವನ ಮನಸ್ಸಿನಲ್ಲಿ. ಬೆಟ್ಟ ಅಲ್ಲಿ ಉಪಮಾನ, ಲೋಕ ಉಪಮೇಯ. ಬೆಟ್ಟದಲ್ಲಿ ಹೊಸ ಬದುಕು ಸಿಗುತ್ತದೆಂಬ ಭರವಸೆಯನ್ನು ಈ ವಚನ ಎಲ್ಲಿಯೂ ಕೊಡುವುದಿಲ್ಲ. ಅಲ್ಲಿಯೂ ಭಯವಿದೆ, ಅಲ್ಲಿಗೆ ತಕ್ಕ ಭಯ. ಪರ್ವತಕ್ಕೆ ಹೋಗಿ ಮರಳದ ಒಬ್ಬಳೇ ಪರ್ವತದ ಬಗ್ಗೆ ಹೀಗೆ ಹೇಳಬಲ್ಲವಳಾದಳು.

ಮುದ್ದೇಬಿಹಾಳ ತಾಲೂಕಿನ ತಂಗಡಗಿ ಈ ಚರ್ಚೆಗೆ ಇನ್ನೊಂದು ಮಗ್ಗುಲನ್ನು ಕೊಡುತ್ತದೆ. ಕಲ್ಯಾಣದ ಕ್ಷೋಭೆಯ ನಂತರ ಕೂಡಲಸಂಗಮದಲ್ಲಿದ್ದ ಬಸವಣ್ಣ ನೀಲಾಂಬಿಕೆಯನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದನೆಂದೂ, ಅವಳು ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂಬ ಅರ್ಥದ ಉತ್ತರವನ್ನು ಕೊಟ್ಟಳೆಂದೂ, ಕೃಷ್ಣೆಯ ಈಚೆ ದಡದ ತಂಗಡಗಿಯಲ್ಲಿಯೇ ಐಕ್ಯಳಾದಳೆಂದೂ ಪರಂಪರೆ ನಂಬುತ್ತದೆ. ಇದನ್ನು ನಿರ್ಗಮನ ಕಥನಗಳ ಸಾಲಿನಲ್ಲಿ ಯಾರೂ ಇಟ್ಟಿಲ್ಲ, ಏಕೆಂದರೆ ಇಲ್ಲಿ ಹೋಗದಿರುವುದೇ ಕಥೆ. ಆದರೆ ಕಲ್ಯಾಣದಿಂದ ಹೊರಟು, ಕ್ಷೇತ್ರ ಸನಿಹದಲ್ಲಿರುವಾಗ ನಿಂತವಳ ನಿರ್ಧಾರ ಸಣ್ಣದಲ್ಲ. ಸಿದ್ಧರಾಮನನ್ನು ಮಲ್ಲಯ್ಯ ಹಿಂದಿರುಗಿಸಬೇಕಾಯಿತು. ಬಸವಣ್ಣನಿಗೆ ಕನಸು ಬೀಳಬೇಕಾಯಿತು. ನೀಲಾಂಬಿಕೆ ಆ ಮಾತನ್ನು ತಾನೇ ಹೇಳಿಕೊಂಡಳು. ಸಂಗಮದ ಪ್ರಾಧಿಕಾರ, ವಸ್ತುಸಂಗ್ರಹ, ಪ್ರವಾಸಿಗರ ದಟ್ಟಣೆಗಳಿಗೆ ಹೋಲಿಸಿದರೆ ತಂಗಡಗಿ ಇಂದಿಗೂ ಶಾಂತವಾದ ಊರು ಎಂಬುದನ್ನು ವಿಷಯಾಂತರವಾದರೂ ಇಲ್ಲಿ ಹೇಳಬಹುದು.

ಮಧ್ಯಕಾಲದ ಈ ತರ್ಕ ಆಧುನಿಕ ಕಾಲಕ್ಕೆ ನಡೆದುಬಂದ ದಾರಿ ಅವಿಭಜಿತ ಇಂಡಿ ತಾಲೂಕಿನ ಇಂಚಗೇರಿಯದು. 19ನೆಯ ಶತಮಾನದ ನಿಂಬರಗಿ ಮಹಾರಾಜರು ಗೃಹಸ್ಥರಾಗಿಯೇ ಬಾಳಿದವರು. ಕೊಲ್ಲಾಪುರದ ಕಡೆಯ ಸಿದ್ಧಗಿರಿಯಲ್ಲಿ ಅವರಿಗೆ ಉಪದೇಶವಾಯಿತೆಂಬುದು ಸಂಪ್ರದಾಯದ ಕಥೆ. ಆ ಕಥೆಯಲ್ಲಿಯೂ ಬೆಟ್ಟ ಉಪದೇಶಿಸಿ ಊರಿಗೆ ಕಳಿಸುತ್ತದೆ. ಅವರ ಶಿಷ್ಯ ಉಮದಿಯ ಭಾವೂಸಾಹೇಬ ಮಹಾರಾಜರು (1843–1914) ಇಂಚಗೇರಿಯಲ್ಲಿ ಮಠ ಕಟ್ಟಿದರು. ಅವರ ಶಿಷ್ಯರಾದ ಸಿದ್ಧರಾಮೇಶ್ವರ ಮಹಾರಾಜರು ಸೊಲ್ಲಾಪುರ ಸೀಮೆಯವರು, ಹೆಸರಿನಲ್ಲಿಯೇ ಸೊನ್ನಲಿಗೆಯನ್ನು ಹೊತ್ತವರು. ಅವರ ಶಿಷ್ಯ ಮಾರುತಿ ಕಾಂಬಳಿ ಮುಂಬಯಿಯಲ್ಲಿ ಬೀಡಿ ಅಂಗಡಿಗಳನ್ನು ನಡೆಸುತ್ತಿದ್ದ ಸಂಸಾರಿ. 1936ರಲ್ಲಿ ಗುರು ತೀರಿಕೊಂಡ ಮೇಲೆ, 1937ರಲ್ಲಿ, ಹೆಂಡತಿ ಮಕ್ಕಳನ್ನೂ ವ್ಯಾಪಾರವನ್ನೂ ಬಿಟ್ಟು ಅವರು ದೇಶಸಂಚಾರ ಕೈಗೊಂಡು ಹಿಮಾಲಯದತ್ತ ಹೊರಟರು. ದಾರಿಯಲ್ಲಿ ಸಿಕ್ಕ ಗುರುಬಂಧುವೊಬ್ಬರ ಮಾತಿನಿಂದ, ಕರ್ಮದ ನಡುವಿನ ಅನಾಸಕ್ತಿಯೇ ಮೇಲೆಂದು ಮನವರಿಕೆಯಾಗಿ, 1938ರಲ್ಲಿ ಮುಂಬಯಿಗೆ ಮರಳಿದರು. ಅಂಗಡಿಗಳ ಪೈಕಿ ಒಂದು ಮಾತ್ರ ಉಳಿದಿತ್ತು. ನಿಸರ್ಗದತ್ತ ಮಹಾರಾಜರೆಂದು ಹೆಸರಾದ ಅವರು 1981ರವರೆಗೆ ಆ ನಗರದಲ್ಲಿಯೇ ಬಾಳಿದರು. ಅವರ ಮರಾಠಿ ಸಂವಾದಗಳನ್ನು ಮಾರಿಸ್ ಫ್ರೀಡ್‌ಮನ್ ಇಂಗ್ಲಿಷಿಗೆ ತಂದ ‘ಐ ಆ್ಯಮ್ ದಟ್’ 1973ರಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಪೋಲೆಂಡಿನಿಂದ ಬಂದ ಫ್ರೀಡ್‌ಮನ್ ಹಿಂದೆ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ಉನ್ನತ ಹುದ್ದೆಯಲ್ಲಿದ್ದು ಅದನ್ನು ಬಿಟ್ಟವರು ಎಂಬುದೂ ಸ್ವಾರಸ್ಯಕರ.

ಹಿಮಾಲಯದ ದಾರಿಯಲ್ಲಿ ತಿರುಗಿದ ಈ ಹೆಜ್ಜೆಯನ್ನು ಪಾಶ್ಚಾತ್ಯ ಓದುಗರು ಅದ್ವೈತದ ವೈಯಕ್ತಿಕ ನಿರ್ಣಯವೆಂದು ಓದಿದ್ದಾರೆ. ಇಂಚಗೇರಿಯ ಮೂಲಕ ಬಂದವರಿಗೆ ಅದು ಪರಿಚಿತವಾದ ಕಥೆ. ರಾಘವಾಂಕನ ಹುಡುಗನಿಗೆ ಮಲ್ಲಯ್ಯ ಹೇಳಿದ್ದನ್ನು ಇಲ್ಲಿ ಗುರುಬಂಧು ಹೇಳುತ್ತಾನೆ. ಕೊಳ್ಳದ ಅಂಚಿನಲ್ಲಿ ಹಿಡಿದ ಕೈ ಈಗ ಮಾತಾಗಿದೆ, ಕೆರೆಯ ಬದಲಿಗೆ ಬೀಡಿ ಅಂಗಡಿ ಬಂದಿದೆ. ಪ್ರಭಾವವನ್ನು ಸಾಧಿಸುವುದು ನನ್ನ ಉದ್ದೇಶವಲ್ಲ. ಒಂದೇ ನೆಲದ ಕಥನಕ್ರಮ ಎಂಟು ಶತಮಾನಗಳ ಅಂತರದಲ್ಲಿ ಅದೇ ತಿರುವಿನಲ್ಲಿ ತಿರುಗಿದೆ ಎಂದಷ್ಟೇ ಹೇಳಬಯಸುತ್ತೇನೆ. ಒಂದು ತಕರಾರು ಮಾತ್ರ ಉಳಿಯುತ್ತದೆ. 1937ರಿಂದ 1938ರವರೆಗೆ ಆ ಮನೆಯನ್ನು ನಡೆಸಿದವರ ಕಥೆ ಚರಿತ್ರೆಗಳಲ್ಲಿ ಒಂದೆರಡು ವಾಕ್ಯಗಳನ್ನು ಮೀರುವುದಿಲ್ಲ. ಸಿದ್ಧರಾಮನ ತಾಯಿ ಸುಗ್ಗವ್ವೆಗೆ ರಾಘವಾಂಕ ಕೊಟ್ಟ ಅಳುವಿನಷ್ಟು ಜಾಗವನ್ನೂ ಆಧುನಿಕ ಚರಿತ್ರಕಾರರು ಅವರಿಗೆ ಕೊಟ್ಟಿಲ್ಲ.

ಇದೇ ಪರಂಪರೆಯ ಇನ್ನೊಬ್ಬರು ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆ (1886–1957). ಪುಣೆಯ ಫರ್ಗ್ಯುಸನ್ ಕಾಲೇಜು, ಅಲಹಾಬಾದ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಪೀಠ, ಕುಲಪತಿ ಸ್ಥಾನ ಇವೆಲ್ಲವನ್ನೂ ಕಂಡವರು ನೆಲೆಯೂರಲು ಆರಿಸಿಕೊಂಡದ್ದು ಇಂಡಿ ತಾಲೂಕಿನ ನಿಂಬಾಳವನ್ನು. ಹಿಮಾಲಯ ಅಲಹಾಬಾದಿಗೆ ಹತ್ತಿರ. ಅವರು ಅದರ ವಿರುದ್ಧ ದಿಕ್ಕಿಗೆ, ಸಣ್ಣ ರೈಲು ನಿಲ್ದಾಣವಿರುವ ಒಣನೆಲದ ಹಳ್ಳಿಗೆ ಬಂದು ಅಲ್ಲಿಯೇ ದೇಹವಿಟ್ಟರು. ಇಷ್ಟು ಸ್ಪಷ್ಟವಾಗಿ ಸ್ಥಳವನ್ನು ಆರಿಸಿಕೊಂಡವರು ತಮ್ಮ ‘ಪಾಥ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್’ ಗ್ರಂಥದಲ್ಲಿ ಕನ್ನಡ ಸಂತರನ್ನು ಸ್ಥಳದಿಂದ ಬಿಡಿಸಿ ಅನುಭಾವದ ಮೆಟ್ಟಿಲುಗಳ ಮೇಲೆ ಕೂರಿಸಿದರು: ಪ್ರೇರಣೆ, ನೈತಿಕ ಸಿದ್ಧತೆ, ಯಾತ್ರೆಯ ಆರಂಭ, ಆರೋಹಣ. ದಾರಿ ಇದೆ, ದಾರಿ ಹಾಯುವ ನೆಲವಿಲ್ಲ. ಆ ವರ್ಗೀಕರಣ ಎಷ್ಟು ಉಪಯುಕ್ತವೋ ಅಷ್ಟೇ ನಷ್ಟವನ್ನೂ ತಂದಿತು. ಬೆಟ್ಟ ಒಂದು ಆಂತರಿಕ ಎತ್ತರವಷ್ಟೇ ಆದಾಗ ಸೊನ್ನಲಿಗೆಗೆ ಮರಳುವುದಕ್ಕೂ ಉಡುತಡಿಗೆ ಮರಳದಿರುವುದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಹಲಸಂಗಿಯ ಮಧುರಚೆನ್ನರು (1903–1953) ಪಾಂಡಿಚೇರಿಯ ಅರವಿಂದರನ್ನು ಗುರುವಾಗಿ ಸ್ವೀಕರಿಸಿಯೂ ಹಲಸಂಗಿಯಲ್ಲಿಯೇ ಉಳಿದು ಸಾಧನೆ ನಡೆಸಿದುದನ್ನು ಇದೇ ಸಾಲಿನಲ್ಲಿ ಇಡಬಹುದು. ಅದರ ವಿಸ್ತಾರ ಪ್ರತ್ಯೇಕ ಪ್ರಬಂಧದ ವಸ್ತು.

ಹಲಸಂಗಿ ಗೆಳೆಯರ ಇನ್ನೊಂದು ಕೊಡುಗೆ ನಮಗೆ ಇಲ್ಲಿ ಹೆಚ್ಚು ಪ್ರಸ್ತುತ. 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಸಂಕಲನದ ಹೆಸರೇ ಹೇಳುವಂತೆ ಅದರ ದನಿ ಮನೆಯಲ್ಲಿ ಉಳಿದವಳದು. ಬೀಸುವ ಕಲ್ಲಿನ ಮುಂದೆ ಕೂತ ಆ ದನಿಗೆ ತವರು, ಅತ್ತೆಮನೆ, ತೊಟ್ಟಿಲು, ಊರದೇವರು ಎಲ್ಲವೂ ಒಂದೇ ಉಸಿರಿನ ವಿಷಯ. ಕಾವ್ಯ, ಪುರಾಣಗಳು ಹೋದವನ ಜೊತೆ ಹೋಗುತ್ತವೆ. ತ್ರಿಪದಿ ಹೊಸ್ತಿಲಲ್ಲಿ ನಿಲ್ಲುತ್ತದೆ. ಈ ಎರಡನ್ನೂ ಜೊತೆಯಲ್ಲಿಟ್ಟು ಓದದೆ ಈ ಸೀಮೆಯ ನಿರ್ಗಮನ ಕಥನಗಳ ವಿಮರ್ಶೆ ಪೂರ್ಣವಾಗದು. ಇಟ್ಟುಬರುವುದಕ್ಕೆ ನೆಲೆನಿಂತ ಬದುಕೇ ಇಲ್ಲದೆ ಹೊರಟವರ ಮಾತನ್ನೂ ಸೇರಿಸಬೇಕು. 1876–78ರ ಮಹಾಕ್ಷಾಮದ ನಂತರ, 1881ರ ಜನಗಣತಿಯಲ್ಲಿ, ಅಂದಿನ ಜಿಲ್ಲೆಯ ಜನಸಂಖ್ಯೆ 8 ಲಕ್ಷಕ್ಕೂ ಮೇಲಿದ್ದುದು ಸುಮಾರು 6.4 ಲಕ್ಷಕ್ಕೆ ಇಳಿದಿತ್ತು. ಇಂದಿಗೂ ಮಳೆ ಕೈಕೊಟ್ಟ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕುಟುಂಬಗಳು ಗೋವೆಗೆ, ಕೊಂಕಣಕ್ಕೆ, ಘಟ್ಟದಾಚೆಯ ಊರುಗಳಿಗೆ ಗುಳೆ ಹೋಗುತ್ತವೆ. ಅವರೂ ಸಹ್ಯಾದ್ರಿಯನ್ನು ದಾಟುತ್ತಾರೆ. ಅವರ ದಾಟುವಿಕೆಗೆ ನಮ್ಮ ಸಾಹಿತ್ಯ ಪರಿಭಾಷೆಯಲ್ಲಿ ತ್ಯಾಗವೆಂಬ ಹೆಸರಿಲ್ಲ, ಹೊಸ ಬದುಕೆಂಬ ಹೆಸರೂ ಇಲ್ಲ. ಬಿಡುವುದಕ್ಕೆ ಏನಾದರೂ ಇದ್ದವನ ಹೊರಡುವಿಕೆ ಮಾತ್ರ ಪುರಾಣವಾಯಿತು.

ಯುಗಾದಿಯ ಸಮಯದಲ್ಲಿ ಈ ತಾಲೂಕುಗಳಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಸಾವಿರಾರು ಜನರ ಆಚರಣೆಯಲ್ಲಿ ಈ ಪಠ್ಯಗಳಿಗೆ ಒಂದು ಉತ್ತರವಿರುವಂತೆ ತೋರುತ್ತದೆ. ಕಂಬಿ ಹೊತ್ತು, ರೊಟ್ಟಿಯ ಗಂಟು ಕಟ್ಟಿಕೊಂಡು, ನಲ್ಲಮಲದ ಕಾಡಿನಲ್ಲಿ ಭೀಮನ ಕೊಳ್ಳವನ್ನು ಇಳಿದು ಏರಿ ಹೋಗುವ ಇವರು ಸಂಸಾರವನ್ನು ಬಿಟ್ಟವರಲ್ಲ. ಬೆಳೆ ಮನೆಗೆ ಬಂದ ಮೇಲೆ ಹೊರಟವರು, ಹಬ್ಬ ಮುಗಿಸಿ ಮರಳುವವರು. ಬೆಟ್ಟದ ಮೇಲಿನ ಭ್ರಮರಾಂಬೆಯನ್ನು ಕನ್ನಡದವರು ತಮ್ಮ ಮನೆಮಗಳೆಂದು ನಂಬುತ್ತಾರೆ. ಆದ್ದರಿಂದ ಹೋಗುವಾಗ ಅವಳಿಗೆ ಸೀರೆ, ಅರಿಸಿನ, ಕುಂಕುಮಗಳನ್ನು ಒಯ್ಯುತ್ತಾರೆ. ಹರಿಹರನ ರಗಳೆಯಲ್ಲಿ ಮಗಳನ್ನು ಹುಡುಕಿ ಬೆಟ್ಟವೇರಿದ ತಂದೆತಾಯಿಗಳು ಬರಿಗೈಯಲ್ಲಿ ಇಳಿದರು. ಇವರು ಮಗಳಿಗೆ ಉಡಿ ತುಂಬಿ ಇಳಿಯುತ್ತಾರೆ.